ಆಷಾಢದ ಗಾಳಿ, ದಸರಾದ ದೋಣಿ

ಮೈಸೂರಿನವರು ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಮಂಗಳೂರು ಸುಮಾರು 250 ಕಿಲೋಮೀಟರ್. ಆದರೂ ನಮ್ಮ ಕನ್ನಂಬಾಡಿ ಹಿನ್ನೀರಿನಲ್ಲಿ ‘ಕರಾವಳಿ ಮಾದರಿಯ ಹಾಯಿದೋಣಿ ಕೇಂದ್ರ’ ಮಾಡಲು ಒಂದು ಸಮಿತಿ ಹೊರಟಿದೆ ಅಂದುಕೊಳ್ಳಿ. ಹೆಸರು ಕೇಳಬೇಡಿ. ಇಂಥ ಸಮಿತಿ ಇವತ್ತು ಇಲ್ಲದಿದ್ದರೆ ನಾಳೆ ಆಗುತ್ತದೆ, ಅಲ್ವಾ?

ಯೋಚನೆಯೇನೋ ಚೆನ್ನಾಗಿದೆ. ಭೋಪಾಲದಲ್ಲಿ ಯಾವ ಸಮುದ್ರ ಇದೆ? ಅಲ್ಲಿನ ಕೆರೆಯಲ್ಲಿ ಪಳಗಿದ ನೇಹಾ ಠಾಕೂರ್ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರು. ಬೆಂಗಳೂರಿನ ಹಲಸೂರು ಕೆರೆಯಲ್ಲೂ ಸೇನೆಯವರು ಹಾಯಿ ಬಿಚ್ಚುತ್ತಾರೆ. ನಮ್ಮದೋ 49 ಟಿಎಂಸಿ ನೀರು ಹಿಡಿಯುವ ಅಣೆಕಟ್ಟೆ. ನೀರಿದೆ, ಗಾಳಿ ಇದೆ, ಕಲಿಯುವ ಮಕ್ಕಳೂ ಇದ್ದಾರೆ. ಅಷ್ಟಿದ್ದರೆ ಸಾಕಿತ್ತು. ಆದರೆ ಸಮಿತಿಯೂ ಇದೆಯಲ್ಲ.

ಸಮಿತಿಯ ಮೊದಲ ಕೆಲಸ ಅಧ್ಯಯನ ಪ್ರವಾಸ. ಊರು ಗೋವಾ. ‘ಭೋಪಾಲಕ್ಕೇ ಹೋಗಬಹುದಲ್ಲ’ ಅಂದ ಸದಸ್ಯರೊಬ್ಬರ ಹೆಸರು ಮುಂದಿನ ಪಟ್ಟಿಯಲ್ಲಿ ಇರಲಿಲ್ಲ.

ಅಲ್ಲಿಂದ ತಂದ ವರದಿ ಓದಲು ಬಲು ಸೊಗಸು. ಮಕ್ಕಳು ಕಲಿಯುವುದು ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿಯಲ್ಲಿ. ಉದ್ದ 2.3 ಮೀಟರ್. ಒಂದೇ ಹಾಯಿ, ಒಂದೇ ಮಗು. ಲೈಫ್ ಜಾಕೆಟ್ ಹಾಕಿಸಿ, ಬೇಕಂತಲೇ ದೋಣಿ ಮಗುಚಿ, ಮತ್ತೆ ನೇರ ಮಾಡುವುದನ್ನು ಶುರುವಿನಲ್ಲೇ ಕಲಿಸುತ್ತಾರೆ. ‘ಮಗುಚುವುದರಲ್ಲಿ ನಮ್ಮವರಿಗೆ ಅನುಭವ ಇದೆ, ನೇರ ಮಾಡುವುದಕ್ಕೆ ಪ್ರತ್ಯೇಕ ಅನುದಾನ ಬೇಕು’ ಅಂತ ವರದಿಯ ಷರಾ.

ಪಂದ್ಯದಲ್ಲಿ ಅಂಕ ಲೆಕ್ಕ ಹಾಕುವ ಕ್ರಮ ಮಾತ್ರ ಸಮಿತಿಗೆ ಥಟ್ಟನೆ ಅರ್ಥವಾಯಿತು. ಒಂದು ಪಂದ್ಯದಲ್ಲಿ ಹಲವು ಓಟ. ಪ್ರತಿ ಓಟದಲ್ಲೂ ಮೊದಲು ಬಂದವನಿಗೆ 1 ಅಂಕ, ಎರಡನೆಯವನಿಗೆ 2. ಎಲ್ಲ ಓಟ ಮುಗಿದ ಮೇಲೆ ಯಾರದ್ದು ಕಡಿಮೆಯೋ ಅವನೇ ಗೆದ್ದ. ‘ಓಹೋ, ಟೆಂಡರ್!’ ಅಂತ ಅಧ್ಯಕ್ಷರು ತಲೆಯಾಡಿಸಿದರು.

ತೊಡಕಾದದ್ದು ಉಳಿದ ನಿಯಮಗಳು. ಇಬ್ಬರು ಎದುರುಬದುರು ಬಂದರೆ ಬಲಗಡೆಯಿಂದ ಗಾಳಿ ಹಿಡಿದವನಿಗೆ ಇನ್ನೊಬ್ಬ ದಾರಿ ಬಿಡಬೇಕು. ‘ಎಡಗಡೆಯಿಂದ ಹಿಡಿದವನು ಶಾಸಕರ ಮಗ ಆಗಿದ್ದರೆ?’ ಅಂತ ಒಬ್ಬರು ಕೇಳಿದರು. ತರಬೇತುದಾರರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ದಾರಿ ಬಿಡದೆ ತಪ್ಪು ಮಾಡಿದವನು ತಾನೇ ಒಪ್ಪಿಕೊಂಡು ಅಲ್ಲೇ ಎರಡು ಸುತ್ತು ಗಿರಕಿ ಹೊಡೆಯಬೇಕು. ಸೀಟಿ ಊದಿ ಹಿಡಿಯುವವರು ಸಾಮಾನ್ಯವಾಗಿ ಇರುವುದಿಲ್ಲ. ‘ಯಾರೂ ನೋಡದಿದ್ದರೆ?’ ‘ನೋಡದಿದ್ದರೂ ಹೊಡೆಯಬೇಕು ಸಾರ್.’ ಸ್ಥಳೀಯ ಪರಿಸ್ಥಿತಿಗೆ ಹೊಂದುವುದಿಲ್ಲ ಅಂತ ಈ ನಿಯಮವನ್ನು ಸರ್ವಾನುಮತದಿಂದ ಕೈಬಿಡಲಾಯಿತು.

ಆದರೆ ಒಂದು ಬಾವುಟಕ್ಕೆ ಸಮಿತಿ ಮನಸೋತಿತು. ಕೆಂಪು ಬಿಳಿ ಪಟ್ಟೆಯದು. ಗಾಳಿ ಸರಿಯಿಲ್ಲದಿದ್ದರೆ ಅದನ್ನು ಏರಿಸುತ್ತಾರೆ. ಓಟ ಮುಂದಕ್ಕೆ ಹೋಯಿತು ಅಂತ ಅರ್ಥ. ಯಾರಿಗೂ ಕಾರಣ ಹೇಳಬೇಕಿಲ್ಲ, ಸಮಜಾಯಿಷಿ ಬರೆಯಬೇಕಿಲ್ಲ. ದೋಣಿಗಳನ್ನು ಎರಡನೇ ಹಂತದಲ್ಲಿ ಕೊಳ್ಳುವುದು, ಈ ಬಾವುಟಗಳನ್ನು ಮೊದಲ ಹಂತದಲ್ಲೇ ತರಿಸಿ ತಾಲ್ಲೂಕಿನ ಎಲ್ಲ ಕಚೇರಿಗಳಿಗೂ ಹಂಚುವುದು ಅಂತ ತೀರ್ಮಾನವಾಯಿತು.

ಇನ್ನು ದಿನಾಂಕ. ಹಾಯಿದೋಣಿಗೆ ಬೇಕಾದ ಗಾಳಿ ನಮ್ಮಲ್ಲಿ ಯಾವಾಗ ಬೀಸುತ್ತದೆ ಅಂತ ಗಾಳಿಪಟ ಬಿಡುವ ಹುಡುಗರನ್ನು ಕೇಳಿದರೂ ಹೇಳುತ್ತಾರೆ. ಆಷಾಢದಲ್ಲಿ. ಮುಂಗಾರಿನ ಗಾಳಿ ಪಡುವಣದಿಂದ ಬಂದು ತೆಂಗಿನ ಮರವನ್ನೆಲ್ಲ ಬಗ್ಗಿಸುವ ಹೊತ್ತು ಅದು. ಕೊಡಗಿನಲ್ಲಿ ಮಳೆ ಹಿಡಿದರೆ ಕಟ್ಟೆಯ ನೀರೂ ಏರುತ್ತದೆ. ತರಬೇತುದಾರ ಹುಡುಗಿ ಜುಲೈ ಮೊದಲ ವಾರ ಅಂತ ಬರೆದು ತಂದಿದ್ದಳು. ಅಧ್ಯಕ್ಷರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ‘ಆಷಾಢದಲ್ಲಿ ಉದ್ಘಾಟನೆಯೇನಮ್ಮಾ? ಯಾವ ಊರವಳು ನೀನು?’

ನಿಜವೇ. ಆಷಾಢದಲ್ಲಿ ನಾವು ಮದುವೆ ಮಾಡುವುದಿಲ್ಲ, ಮನೆ ಹೊಗುವುದಿಲ್ಲ, ಹೊಸ ಸೊಸೆಯನ್ನು ತವರಿಗೆ ಕಳಿಸುತ್ತೇವೆ. ಶುಕ್ರವಾರ ಬಂದರೆ ಊರಿಗೆ ಊರೇ ಚಾಮುಂಡಿ ಬೆಟ್ಟದಲ್ಲಿರುತ್ತದೆ, ಪೊಲೀಸರೂ ಅಲ್ಲೇ ಇರುತ್ತಾರೆ. ‘ಶ್ರಾವಣದಲ್ಲಾದರೂ ಮಾಡೋಣ ಸಾರ್, ಗಾಳಿ ಇನ್ನೂ ಇರುತ್ತೆ’ ಅಂದಳು ಹುಡುಗಿ. ಕಟ್ಟೆ 124.80 ಅಡಿ ತುಂಬಿತು ಅಂದರೆ ಬಾಗಿನದ ಗಲಾಟೆ. ಬಾಗಿನದ ಪೆಂಡಾಲಿನವನೇ ನಮ್ಮ ಪೆಂಡಾಲಿನವನೂ. ಆಮೇಲೆ ಗಣೇಶ. ಅದರ ಹಿಂದೆಯೇ ಪಿತೃಪಕ್ಷ, ಆಗ ಮುಖ್ಯ ಅತಿಥಿಗಳು ಎಳ್ಳುನೀರು ಬಿಡುತ್ತಾರೆಯೇ ಹೊರತು ದೋಣಿ ಬಿಡುವುದಿಲ್ಲ. ಧನುರ್ಮಾಸ ಮತ್ತೆ ಆಗದು.

ಬೇಸಿಗೆಗೆ ಅಂದರೆ ನೀರು ಹಿಂದೆ ಸರಿದು, ದೋಣಿ ಇಳಿಸಲು ಕಟ್ಟಿದ ಇಳಿಜಾರು ಜಾಲಿ ಗಿಡದ ಮಧ್ಯೆ ನಿಂತಿರುತ್ತದೆ. ಅದನ್ನು ಅಳೆಯಲು ಟೇಪು ಹಿಡಿದು ಹೋದವರನ್ನು ಪಾಂಡವಪುರದ ಕಡೆಯ ರೈತರೊಬ್ಬರು ತಡೆದು ನಿಲ್ಲಿಸಿದರು. ‘ದೋಣಿ ಆಡ್ಸಕ್ ನೀರೈತೆ, ನಾಲೆಗ್ ಬುಡಕ್ ಇಲ್ವಾ ಸ್ವಾಮಿ?’ ಟೇಪು ಸುತ್ತಿಕೊಂಡು ಬಂದರು.

ಕೊನೆಗೆ ಉಳಿದದ್ದು ದಸರಾ. ನಮ್ಮಲ್ಲಿ ಏನೇ ಆದರೂ ದಸರಾಕ್ಕೇ ಆಗಬೇಕು. ಅಷ್ಟು ಹೊತ್ತಿಗೆ ಮುಂಗಾರಿನ ಗಾಳಿ ಸೊರಗಿರುತ್ತದೆ, ಪರವಾಗಿಲ್ಲ. ವೇದಿಕೆ ಸಿಗುತ್ತದೆ, ದೀಪದ ಸರ ಸಿಗುತ್ತದೆ, ಪಾಸ್ ಹಂಚಬಹುದು. ಗಾಳಿ ಬೀಸದಿದ್ದರೆ ಮೋಟಾರು ದೋಣಿಗೆ ಹಗ್ಗ ಕಟ್ಟಿ ಎಲ್ಲ ಹಾಯಿದೋಣಿಗಳನ್ನೂ ಸಾಲಾಗಿ ಎಳೆಯುವುದು ಅಂತಾಯಿತು. ಜಂಬೂಸವಾರಿಯಂತೆ ಕಾಣುತ್ತದೆ ಅಂತ ಎಲ್ಲರಿಗೂ ಖುಷಿ. ಗಾಳಿ ಮತ್ತು ನೀರಿನ ಬಲ ಬಿಟ್ಟು ಬೇರೆ ಯಾವುದರಿಂದಲೂ ದೋಣಿ ಮುಂದೆ ಹೋಗುವಂತಿಲ್ಲ, ಅದೇ ಈ ಆಟ ಅಂತ ಹುಡುಗಿ ನಿಯಮದ ಪುಸ್ತಕ ತೆಗೆದಳು. ಅಷ್ಟರಲ್ಲಿ ಹಾಯಿಗಳ ಮೇಲೆ ಯಾರ ಯಾರ ಫೋಟೊ ಎಷ್ಟು ದೊಡ್ಡದಿರಬೇಕು ಅನ್ನುವ ಚರ್ಚೆ ಶುರುವಾಗಿತ್ತು. ಸುಮ್ನೆ ಪುಸ್ತಕ ಮಡಚಿಟ್ಟಳು.

ಓಟಕ್ಕೆ 5 ನಿಮಿಷ ಇರುವಾಗ ಒಂದು ಬಾವುಟ, 4 ನಿಮಿಷಕ್ಕೆ ಇನ್ನೊಂದು, 1 ನಿಮಿಷಕ್ಕೆ ಅದನ್ನು ಇಳಿಸುವುದು. ಹೊತ್ತಿಗೆ ಮುಂಚೆ ಗೆರೆ ದಾಟಿದರೆ ವಾಪಸ್ ಬಂದು ಮತ್ತೆ ಹೊರಡಬೇಕು. ಇದೆಲ್ಲ ಆಹ್ವಾನ ಪತ್ರಿಕೆಯಲ್ಲಿ ‘ಅತಿಥಿಗಳ ಆಗಮನದ ನಂತರ’ ಎಂಬ ಒಂದೇ ಸಾಲಾಯಿತು. ಅತಿಥಿಗಳಿಗೆ ಮಧ್ಯಾಹ್ನ ಬೆಂಗಳೂರಿನಲ್ಲಿ ಇನ್ನೊಂದು ಕಾರ್ಯಕ್ರಮ ಇದೆ. ಹಾಗಾಗಿ ಬಹುಮಾನ ವಿತರಣೆ ಬೆಳಗ್ಗೆಯೇ, ಓಟಕ್ಕೆ ಮೊದಲು. ಗೆದ್ದವರು ಯಾರು ಅನ್ನುವುದನ್ನು ಸಂಜೆ ತಿಳಿಸುತ್ತಾರೆ. ಅಲ್ಲಿಯವರೆಗೆ ಫೋಟೊಕ್ಕೆ ಅಂತ ಕಪ್ಪನ್ನು ಸಮಿತಿಯ ಖಜಾಂಚಿ ಸ್ವೀಕರಿಸಲಿದ್ದಾರೆ.