ನಾಚಿಕೆಯೊಂದೇ ಕಾರಣ ಅಲ್ಲ

ಅಮೆರಿಕದಲ್ಲಿರುವ ಕೊರಿಯನ್ ಹಿರಿಯರು ಮನಸ್ಸಿನ ಕಾಯಿಲೆಗೆ ವೈದ್ಯರ ಹತ್ತಿರ ಹೋಗದಿರಲು ನಾಚಿಕೆಯೇ ಕಾರಣ ಎಂದು ಒಂದು ಲೇಖನದಲ್ಲಿ ಓದಿದೆ. ನಾಚಿಕೆ ಇದೆ, ನಿಜ. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ.

1965ರ ವಲಸೆ ಕಾನೂನಿನ ನಂತರ ಹೋದವರಲ್ಲಿ ಬಹಳ ಮಂದಿ ದಿನಸಿ ಅಂಗಡಿ, ಡ್ರೈಕ್ಲೀನಿಂಗ್ ಅಂಗಡಿ ನಡೆಸಿದರು. ಸ್ವಂತ ಸಣ್ಣ ವ್ಯಾಪಾರ ಎಂದರೆ ಕಂಪನಿ ಕೊಡುವ ಆರೋಗ್ಯ ವಿಮೆ ಇಲ್ಲ. ಹಾಗಾಗಿ ಬಿಪಿ, ಶುಗರ್ ತಪಾಸಣೆಯೂ ಮುಂದಕ್ಕೆ ಹೋಗುತ್ತಿತ್ತು. 1992ರ ಲಾಸ್ ಏಂಜಲೀಸ್ ಗಲಭೆಯಲ್ಲಿ ಕೊರಿಯನ್ನರ 2,000ಕ್ಕೂ ಜಾಸ್ತಿ ಅಂಗಡಿಗಳು ಹಾಳಾದವು. ಜೀವಮಾನದ ದುಡಿಮೆ ಕಳೆದುಕೊಂಡವರ ನೋವು ಸುಮ್ನೆ ಹೋಗುತ್ತದಾ?

ಇಳಿವಯಸ್ಸಿನಲ್ಲಿ ಮಕ್ಕಳು ಕರೆಸಿಕೊಂಡವರ ಪಾಡು ಬೇರೆ. ಅಲ್ಲಿ ದುಡಿದ ಲೆಕ್ಕ ಇಲ್ಲದಿದ್ದರೆ, 65 ದಾಟಿದ್ದರೂ ಗ್ರೀನ್ ಕಾರ್ಡ್‌ನವರು (ಕಾಯಂ ವಾಸದ ಪರವಾನಗಿ ಇರುವವರು) ಮೆಡಿಕೇರ್, ಅಂದರೆ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ, ಕೊಳ್ಳಲು 5 ವರ್ಷ ಅಲ್ಲೇ ವಾಸ ಮಾಡಿರಬೇಕು. (ನಮ್ಮ ಕಡೆಯಿಂದ ಹೋಗಿ ನೆಲೆಸುವ ತಂದೆ-ತಾಯಿಗೂ ಇದೇ ನಿಯಮ.) ಇಂಗ್ಲಿಷ್ ಬಾರದಿದ್ದರೆ ವೈದ್ಯರ ಮುಂದೆ ಮೊಮ್ಮಗಳೇ ದುಭಾಷಿ. ಅವಳೆದುರು ‘ನನಗೆ ಬದುಕು ಸಾಕಾಗಿದೆ’ ಎಂದು ಯಾವ ಅಜ್ಜಿ ಬಾಯಿಬಿಡುತ್ತಾರೆ? ಎದೆ ಬಿಗಿಯುತ್ತದೆ, ಊಟ ಅರಗಲ್ಲ ಅಂತಾರೆ ಅಷ್ಟೇ. ಹೊಟ್ಟೆಗೆ ಮಾತ್ರೆ ಸಿಗುತ್ತದೆ, ಮನಸ್ಸನ್ನು ಯಾರೂ ಕೇಳುವುದಿಲ್ಲ. ಹಾಗಂತ ಹೊಟ್ಟೆನೋವನ್ನು ಕಡೆಗಣಿಸುವಂತೆಯೂ ಇಲ್ಲ. ಕೊರಿಯನ್ನರಲ್ಲಿ ಹೊಟ್ಟೆಯ ಕ್ಯಾನ್ಸರ್ ಜಾಸ್ತಿ. ಎರಡನ್ನೂ ನೋಡಬೇಕು, ಅಲ್ವಾ?

ಈ ಹಿರಿಯರಲ್ಲಿ ಹೆಚ್ಚಿನವರು ಭಾನುವಾರ ಚರ್ಚಿಗೆ ತಪ್ಪದೆ ಹೋಗುತ್ತಾರೆ. ಬಿಪಿ ನೋಡುವವರು, ಕೊರಿಯನ್‌ನಲ್ಲೇ ಮನಸ್ಸಿನ ಕಷ್ಟ ಕೇಳುವವರು ಅಲ್ಲಿಗೇ ಬರಲಿ. ಅದಕ್ಕೆ ಸರ್ಕಾರ ದುಡ್ಡು ಕೊಡಲಿ.