ಬೊಳ್ಳನಿಗೆ ತನ್ನ ಹೆಸರು ಗೊತ್ತಿಲ್ಲ

ನಮ್ಮ ನಾಯಿಯ ಹೆಸರು ಬೊಳ್ಳ. ಅದು ಅವನಿಗೆ ಗೊತ್ತಿಲ್ಲ. ಹುಟ್ಟು ಕಿವುಡ.

ಮರಿಯಾಗಿದ್ದಾಗ ಎಷ್ಟು ಕರೆದರೂ ತಿರುಗುತ್ತಿರಲಿಲ್ಲ. ಜಂಬ ಅಂದುಕೊಂಡಿದ್ದೆವು. ಒಂದು ದಿನ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಹಳೇ ನಾಯಿ ಅಂಗಳಕ್ಕೆ ಹಾರಿತು. ಇವನು ಒಲೆಕಟ್ಟೆಯ ಕೆಳಗೇ ಗೊರಕೆ ಹೊಡೆಯುತ್ತಿದ್ದ. ಆಗ ಗೊತ್ತಾಯಿತು.

ಮೈಯೆಲ್ಲ ಬಿಳಿ ಇರುವ ನಾಯಿಗಳಲ್ಲಿ ಇದು ಜಾಸ್ತಿ, ಡಾಲ್ಮೇಷಿಯನ್ ತಳಿಯಲ್ಲಂತೂ ಇನ್ನೂ ಜಾಸ್ತಿ ಎಂದರು ಡಾಕ್ಟರು. ಮೈಗೆ ಬಣ್ಣ ಕೊಡುವ ಜೀವಕೋಶಗಳು ಕಿವಿಯ ಒಳಗೂ ಇರಬೇಕಂತೆ. ಇಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಒಳಕಿವಿ ಕೆಟ್ಟುಹೋಗುತ್ತದೆ. ಬಣ್ಣಕ್ಕೂ ಕಿವಿಗೂ ಎಲ್ಲಿಯ ಸಂಬಂಧ ಅಂತ ಅವ್ವ ಇನ್ನೂ ಕೇಳುತ್ತಾರೆ. ಅವನ ಹತ್ತಿರ ಮಾತಾಡುವುದನ್ನು ಮಾತ್ರ ಬಿಟ್ಟಿಲ್ಲ. ನಾನು ನಕ್ಕರೆ ನನಗೇ ಅನ್ನುತ್ತಾರೆ, ‘ಅವನಿಗೆ ಕೇಳಿಸದಿದ್ದರೇನು, ನಿನ್ನ ಹಾಗೆ ನಡುವೆ ಬಾಯಿ ಹಾಕಲ್ಲ ಅಲ್ವಾ?’

ಮೊದಲ ಪಾಠ ಕೂರುವುದೂ ಅಲ್ಲ, ಬರುವುದೂ ಅಲ್ಲ. ನಮ್ಮನ್ನು ನೋಡುವುದು. ನೋಡದವನಿಗೆ ಕೈಸನ್ನೆ ಮಾಡಿ ಏನು ಪ್ರಯೋಜನ? ಅವನಾಗಿಯೇ ನನ್ನ ಮುಖ ನೋಡಿದಾಗಲೆಲ್ಲ ಹೆಬ್ಬೆರಳೆತ್ತಿ, ಬೇಯಿಸಿದ ಕೋಳಿಯ ಒಂದು ಚೂರು ಕೊಟ್ಟೆ. ವಾರ ಕಳೆಯುವುದರೊಳಗೆ ನಾನು ಕಾಫಿ ಕುಡಿಯುವಾಗಲೂ ಎವೆಯಿಕ್ಕದೆ ನೋಡತೊಡಗಿದ. ಆಮೇಲೆ ಅಂಗೈ ಕೆಳಗಿಳಿಸಿದರೆ ಕೂರು, ಎದೆಗೆ ಕೈ ತಂದರೆ ಬಾ. ನಿದ್ದೆಯಲ್ಲಿದ್ದಾಗ ತಟ್ಟಿ ಎಬ್ಬಿಸಿದರೆ ಬೆಚ್ಚಿಬೀಳುತ್ತಾನೆ. ಮೂಗಿನ ಹತ್ತಿರ ಅಂಗೈ ಹಿಡಿದರೆ ಸಾಕು, ಮೊದಲು ಮೂಗು ಏಳುತ್ತದೆ, ಆಮೇಲೆ ಅವನು.

ತೋಟದಲ್ಲಿ ಹಗ್ಗ ಬಿಚ್ಚುವುದಿಲ್ಲ. ಆನೆ ಬಂತು ಅಂತ ಲೈನ್‌ಮನೆಯವರು, ಅಂದರೆ ತೋಟದ ಕೆಲಸದವರು, ಕೂಗಿದರೆ ಅವನಿಗೆಲ್ಲಿ ಕೇಳಬೇಕು? ಕೊರಳಲ್ಲೊಂದು ಗಂಟೆ ಇದೆ. ಅದು ನಮಗೋಸ್ಕರ.

ಕತ್ತಲಾದ ಮೇಲೆ ಅಂಗಳದಿಂದ ಕರೆಯಲು ಟಾರ್ಚ್ ಮಿನುಗಿಸುವುದನ್ನು ರೂಢಿ ಮಾಡಿಸಿದೆ. ಬಂದು ಕೂತರೆ ಕೋಳಿ ಚೂರು. ಇದರಲ್ಲೊಂದು ಎಡವಟ್ಟಾಯಿತು. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬಂದ ರಾತ್ರಿ ಆಕಾಶ ಮಿಂಚಿದಾಗಲೆಲ್ಲ ಓಡಿಬಂದು ನನ್ನ ಮುಂದೆ ಕೂರುತ್ತಿದ್ದ. ಗುಡುಗಿಗೆ ಹಳೇ ನಾಯಿ ಮಂಚದಡಿ ನಡುಗುತ್ತಿದ್ದರೆ, ಇವನಿಗೆ ಮೇಲಿನವನೇ ಊಟಕ್ಕೆ ಕರೆದ ಹಾಗೆ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಅವನನ್ನೂ ಗದ್ದೆಗೆ ಕರೆದುಕೊಂಡು ಹೋಗಿದ್ದೆ. ಕದಿರು ತೆಗೆಯುವ ಹೊತ್ತಿಗೆ ‘ಪೊಲಿ ಪೊಲಿ ದೇವಾ’ ಅಂತ ಎಲ್ಲರೂ ಕೂಗಿದರು. ಕೋವಿ ಹಾರಿತು. ನಾನೇ ಬೆಚ್ಚಿದೆ. ಬೊಳ್ಳ ಕತ್ತಲಲ್ಲಿ ಮಿಂಚಿದ ಬೆಂಕಿಯನ್ನು ನೋಡಿದ, ನನ್ನ ಮುಖ ನೋಡಿದ, ಒದ್ದೆ ಬದುವಿನ ಮೇಲೆ ಠೀವಿಯಿಂದ ಕೂತ. ನಾನು ಜೇಬು ತಡಕಾಡಿದೆ.