ದಂಡಿನ ರಸ್ತೆಗಳಿಗೆ ಹಳೇ ಹೆಸರೇ ಇರಬೇಕಿತ್ತಾ?

ಪರ

ಬೆಂಗಳೂರಿನಲ್ಲಿ ಆಟೋ ಹತ್ತಿ ಭಗವಾನ್ ಮಹಾವೀರ ರಸ್ತೆ ಅಂತ ಹೇಳಿ ನೋಡಿ. ಡ್ರೈವರ್ ಕನ್ನಡಿಯಲ್ಲಿ ಒಂದು ಸಲ ನಿಮ್ಮ ಮುಖ ನೋಡಿ "ಇನ್‌ಫೆಂಟ್ರಿ ರೋಡಾ ಸಾರ್?" ಅಂತಾರೆ. ಬೋರ್ಡು ಬದಲಾಯಿತು, ಬಾಯಿ ಬದಲಾಗಲಿಲ್ಲ.

ಪೇಟೆ ಕಡೆ ಬಳೇಪೇಟೆ, ಅಕ್ಕಿಪೇಟೆ, ಅರಳೇಪೇಟೆ ಇವೆಯಲ್ಲ, ಹೆಸರು ಕೇಳಿದರೆ ಸಾಕು, ಅಲ್ಲಿ ಏನು ವ್ಯಾಪಾರ ಇತ್ತು ಅಂತ ಗೊತ್ತಾಗುತ್ತದೆ. ದಂಡಿನದೂ, ಅಂದರೆ ಕಂಟೋನ್ಮೆಂಟಿನದೂ, ಅದೇ ಕಥೆ. ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಬ್ರಿಟಿಷ್ ಸೈನ್ಯ 1809ರಲ್ಲಿ ಹಲಸೂರಿನ ಪಕ್ಕದ ಬಯಲಿಗೆ ಬಂದು ಬೀಡುಬಿಟ್ಟಿತು. ಆಗ ಅದು ಊರಾಚೆ. ಕಾಲಾಳು, ಕುದುರೆ, ಫಿರಂಗಿ ಎಲ್ಲಕ್ಕೂ ಒಂದೊಂದು ರಸ್ತೆ: ಇನ್‌ಫೆಂಟ್ರಿ, ಕ್ಯಾವಲ್ರಿ, ಆರ್ಟಿಲರಿ. ಅವೂ ಕಸುಬಿನ ಹೆಸರುಗಳೇ ಅಲ್ವಾ?

ಕ್ಯಾವಲ್ರಿ ರೋಡ್ ಈಗ ಕಾಮರಾಜ್ ರೋಡ್. ಸೌತ್ ಪರೇಡ್ ಈಗ ಎಂ.ಜಿ. ರೋಡ್. ಗಾಂಧೀಜಿ ಬಗ್ಗೆ ತಕರಾರಿಲ್ಲ, ಆದರೆ ಎಂ.ಜಿ. ರೋಡ್ ಯಾವ ಊರಲ್ಲಿಲ್ಲ ಹೇಳಿ? ಸೌತ್ ಪರೇಡ್ ಅಂತಲೇ ಉಳಿದಿದ್ದರೆ, ಯಾವುದರ ದಕ್ಷಿಣಕ್ಕೆ ಅಂತ ಯಾರಾದರೂ ಕೇಳುತ್ತಿದ್ದರು. ಉತ್ತರಕ್ಕೆ ತಿರುಗಿದರೆ ಆ ಪರೇಡ್ ಮೈದಾನ ಇನ್ನೂ ಇದೆ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಈಗಲೂ ಅಲ್ಲೇ ಪರೇಡು.

ವಿರೋಧ

ಬಳೇಪೇಟೆಯ ಹೋಲಿಕೆ ಕೇಳೋಕೆ ಚೆನ್ನಾಗಿದೆ. ಆದರೆ ಅಲ್ಲಿ ಹೆಸರು ಬಂದಿದ್ದು ಬಳೆ ಮಾರುವವರಿಂದ. ಇಲ್ಲಿ ಸೈನ್ಯದ ಹಿಂದೆಯೇ ಬಂದ ತಮಿಳು ಕುಟುಂಬಗಳು, ಅಡುಗೆಯವರು, ಬಟ್ಟೆ ಒಗೆಯುವವರು, ಕುದುರೆಗೆ ಹುಲ್ಲು ಹಾಕುವವರು ಎಷ್ಟು ಜನ! ಅವರ ಕಸುಬಿನ ಹೆಸರಲ್ಲಿ ರಸ್ತೆ ಎಲ್ಲಿದೆ? ಅಧಿಕಾರಿಗಳದು ಬೇಕಾದಷ್ಟಿದೆ: ಕಬ್ಬನ್, ಫ್ರೇಜರ್, ಎಲ್ಲಾ. ಫ್ರೇಜರ್ ಟೌನಿಗೆ ಪುಲಿಕೇಶಿನಗರ ಅಂತ ಹೆಸರಿಟ್ಟು ಎಷ್ಟು ಕಾಲವಾಯಿತು, ಈಗಲೂ ನಮ್ಮ ಬಾಯಲ್ಲಿ ಬರುವುದು ಒಬ್ಬ ರೆಸಿಡೆಂಟನ, ಅಂದರೆ ಮೈಸೂರಿನಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯ, ಹೆಸರು.

ಇದು ಸುಮ್ನೆ ಹಳೇ ಸಿಟ್ಟಲ್ಲ. 1881ರಲ್ಲಿ ಮೈಸೂರು ರಾಜ್ಯ ಬ್ರಿಟಿಷರಿಂದ ಒಡೆಯರಿಗೆ ವಾಪಸ್ ಬಂತು, ದಂಡು ಮಾತ್ರ ಬರಲಿಲ್ಲ. ಕಬ್ಬನ್ ಪಾರ್ಕಿನ ಈ ಕಡೆ ಮಹಾರಾಜರ ಆಡಳಿತ, ಆ ಕಡೆ ರೆಸಿಡೆಂಟನದು. 1947ರವರೆಗೆ ಹೀಗೇ ನಡೆಯಿತು. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಒಂದೇ ಊರು ಅಷ್ಟು ವರ್ಷ ಎರಡಾಗಿ ಬದುಕಿದ್ದನ್ನು "ಎಷ್ಟು ಚೆಂದದ ಹೆಸರುಗಳು" ಅಂತ ನೆನೆಯೋದು ನನಗಂತೂ ಆಗಲ್ಲ.

ಇನ್ನು ಹಲಸೂರು. ಅಲ್ಲಿನ ಸೋಮೇಶ್ವರ ದೇವಸ್ಥಾನ ದಂಡಿಗಿಂತ ಎಷ್ಟೋ ಹಳೆಯದು. ಇಂಗ್ಲಿಷಿನವರು ಊರಿನ ಹೆಸರನ್ನು ಅಲ್ಸೂರ್ ಅಂತ ಬರೆದರು, ಸರಿ, ಅವರ ನಾಲಿಗೆ ಹೊರಳಲಿಲ್ಲ ಅನ್ನೋಣ. ನಮ್ಮ ನಾಲಿಗೆಗೆ ಏನಾಗಿದೆ?

ಇನ್‌ಫೆಂಟ್ರಿ ರೋಡಿಗೆ ಮಹಾವೀರರ ಹೆಸರಿಟ್ಟಿದ್ದು ಸರಿಯೋ ತಪ್ಪೋ, ಆ ಜಗಳಕ್ಕೆ ನಾನು ಬರಲ್ಲ. ಆದರೆ ಸೈನ್ಯ ಇಲ್ಲಿತ್ತು ಅಂತ ನೆನಪಿಡಲು ಜನರೇ ಕೊಟ್ಟ ಮಾತೊಂದಿದೆ, ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲಿದೆ: ಬೆಂಗಳೂರು ದಂಡು. ಮುಂದಿನ ಸಲ ಆಟೋ ಹತ್ತಿದಾಗ ದಂಡು ಸ್ಟೇಷನ್ ಅನ್ನಿ. "ಕಂಟೋನ್ಮೆಂಟಾ ಸಾರ್?" ಅಂತ ಕೇಳಬಹುದು. ಕೇಳಲಿ, ಹೌದು ಅಂದರಾಯಿತು.